ಬಿಟ್ಟ ಹಾರ್ಮೋನು ಮತ್ತೆ ಶುರು ಮಾಡಬೇಕಾ? ಇರುವ ದಾರಿಗಳ ಹೋಲಿಕೆ

ಮಳೆ ಹಿಡಿದರೆ ಈ ಪ್ರಶ್ನೆ ಜಾಸ್ತಿ ಬರುತ್ತದೆ. "ಅಕ್ಕಾ, ಮಾತ್ರೆ ಬಿಟ್ಟು ವರ್ಷ ಆಗ್ತಾ ಬಂತು, ಮನಸ್ಸು ಒಂಚೂರೂ ಸರಿ ಇಲ್ಲ, ಮತ್ತೆ ಶುರು ಮಾಡ್ಲಾ?" ಕೇಳುವವರು ಸಾಗರದವರು, ಭದ್ರಾವತಿಯವರು, ತೀರ್ಥಹಳ್ಳಿ ಕಡೆಯ ತೋಟದ ಮನೆಯವರು. ಹೆಣ್ಣಾಗಿ ಬದುಕುತ್ತಿರುವ, ಇಲ್ಲವೇ ಬದುಕಬೇಕು ಅಂದುಕೊಂಡಿರುವ ನಮ್ಮವರೇ ಎಲ್ಲರೂ. ಫೋನಿನಲ್ಲೇ ಹೂಂ ಅಂತಲೋ ಬೇಡ ಅಂತಲೋ ಹೇಳಿಬಿಡಬಹುದು. ಆದರೆ ಒಬ್ಬಳಿಗೆ ಹಿಡಿಸಿದ್ದು ಇನ್ನೊಬ್ಬಳ ಜೀವಕ್ಕೇ ಬರಬಹುದು. ನಾನೂ ಮೈ ಹೆಣ್ಣಿನ ಹಾಗಾಗಲಿ ಅಂತ ಕೊಡುವ ಈ ಹಾರ್ಮೋನು, ಅಂದರೆ ಈಸ್ಟ್ರೋಜನ್, ತಗೊಂಡು, ನಡುವೆ ಬಿಟ್ಟು, ಮತ್ತೆ ಶುರು ಮಾಡಿದವಳು. ಡಾಕ್ಟರಲ್ಲ. ಹಾಗಾಗಿ ಇಲ್ಲಿ ಡೋಸ್ ಹೇಳುವುದಿಲ್ಲ. ಯಾವ ದಾರಿ ಯಾರಿಗೆ ಹೊಂದುತ್ತದೆ, ಅದಕ್ಕೆ ಏನು ಬಿಟ್ಟುಕೊಡಬೇಕಾಗುತ್ತದೆ ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ.

ಒಂದು ಮಾತು ಮೊದಲೇ. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಇದನ್ನು ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಾರ್ಮೋನಿನ ನಿರ್ಧಾರ ವಾರಗಟ್ಟಲೆ ಹಿಡಿಯುತ್ತದೆ. ಈ ಯೋಚನೆಗೆ ಇವತ್ತೇ ಸಹಾಯ ಬೇಕು.

ಮೊದಲು ನೋಡಿಕೊಳ್ಳಬೇಕಾದ್ದು

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಬಿಟ್ಟಿದ್ದು ಯಾಕೆ? ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರು ಇದನ್ನು ಹಾರಿಸಿ ಸೀದಾ "ಶುರು ಮಾಡ್ಲಾ" ಅಂತ ಕೇಳುತ್ತಾರೆ. ದುಡ್ಡು ಸಾಲದೆ ಬಿಟ್ಟವಳ ದಾರಿ ಬೇರೆ. ಕಾಲು ಊದಿಕೊಂಡು ಡಾಕ್ಟರೇ ನಿಲ್ಲಿಸಿದ್ದರೆ ಬೇರೆ. ಮನೆಯವರು ಹೆಣ್ಣು ನೋಡಲು ಶುರು ಮಾಡಿದರು ಅಂತ ಹೆದರಿ ಬಿಟ್ಟಿದ್ದರೆ ಇನ್ನೂ ಬೇರೆ. ಇದು ನನಗೆ ಬೇಡವೇನೋ ಅನ್ನಿಸಿ ಬಿಟ್ಟವರೂ ಇದ್ದಾರೆ, ಅದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ. ಮಾತ್ರೆ ತಗೊಂಡಾಗ ಮನಸ್ಸು ಇನ್ನೂ ಕುಸಿಯಿತು ಅಂತ ಬಿಟ್ಟಿದ್ದರೆ, ಆಗ ತಗೊಳ್ಳುತ್ತಿದ್ದದ್ದು ಯಾವ ಮಾತ್ರೆ ಅಂತ ನೆನಪು ಮಾಡಿಕೊಳ್ಳಿ. ಅದು ಮುಂದೆ ಬಹಳ ಮುಖ್ಯವಾಗುತ್ತದೆ.

ಎರಡನೆಯದು, ಈಗ ನೋಯುತ್ತಿರುವುದು ಏನು? ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮನಸ್ಸು ಕುಸಿದಾಗಲೆಲ್ಲ ಹೊತ್ತು, ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ, ಅಷ್ಟು ಸಾಕು. ಗಡ್ಡ ತೆಗೆಯುವಾಗ, ಸ್ನಾನ ಮಾಡುವಾಗ, ಹಳೆಯ ಬ್ಲೌಸು ಹೆಗಲಲ್ಲಿ ಬಿಗಿಯಾದಾಗ, ಯಾರೋ "ಏನಪ್ಪಾ" ಅಂತ ಕರೆದಾಗ ಅಂತಲೇ ಸಾಲು ಸಾಲು ಬಂದರೆ ಅದು ದೇಹಕ್ಕೆ ಸಂಬಂಧಪಟ್ಟ ನೋವು. ಹಾರ್ಮೋನು ಮುಟ್ಟುವುದು ಅದನ್ನೇ. ಅಮ್ಮ ಮಾತು ಬಿಟ್ಟಳು, ಬಾಡಿಗೆ ಕಟ್ಟಲಿಲ್ಲ, ಕೆಲಸ ಸಿಗಲಿಲ್ಲ ಅಂತ ಬಂದರೆ ಹಾರ್ಮೋನು ಒಂದರಿಂದಲೇ ಅದು ಹೋಗುವುದಿಲ್ಲ. ಹೆಚ್ಚಿನವರಿಗೆ ಎರಡೂ ಕಲಸಿಕೊಂಡಿರುತ್ತದೆ, ಆದರೂ ಯಾವುದು ಜಾಸ್ತಿ ಅನ್ನುವುದು ನೋಟ್‌ಬುಕ್ಕಿನಲ್ಲಿ ಕಾಣುತ್ತದೆ. ಇನ್ನು ನಮ್ಮ ಮಲೆನಾಡಿನ ಮಳೆಗಾಲ. ಜೂನಿನಿಂದ ಬಿಸಿಲೇ ಇಲ್ಲ, ಕರೆಂಟಿಲ್ಲ, ಹೊರಗೆ ಕಾಲಿಡುವ ಹಾಗಿಲ್ಲ. ಪ್ರತಿ ವರ್ಷ ಈ ತಿಂಗಳುಗಳಲ್ಲೇ ಮಂಕಾಗುತ್ತೀರಾ ಅಂತಲೂ ನೋಡಿಕೊಳ್ಳಿ.

ಮೂರನೆಯದು ದೇಹ. ನಿರ್ವಾಣ, ಅಂದರೆ ಬೀಜ (ವೃಷಣ) ತೆಗೆಸುವ ಆಪರೇಷನ್, ಆಗಿದೆಯಾ, ಇಲ್ಲವಾ? ಇದರ ಮೇಲೆ ಇಡೀ ಲೆಕ್ಕ ತಿರುಗುತ್ತದೆ. ಬೀಜ ಇದ್ದರೆ ಹಾರ್ಮೋನು ಬಿಟ್ಟ ವಾರಗಳಲ್ಲಿ, ತಿಂಗಳುಗಳಲ್ಲಿ ನಿಮ್ಮದೇ ಟೆಸ್ಟೋಸ್ಟೆರಾನ್, ಅಂದರೆ ಗಂಡಸಿನ ಹಾರ್ಮೋನು, ಸಾಮಾನ್ಯವಾಗಿ ವಾಪಸ್ ಬರುತ್ತದೆ. ತೆಗೆಸಿದ್ದರೆ ಅದೂ ಇಲ್ಲ, ಈಸ್ಟ್ರೋಜನ್ನೂ ಇಲ್ಲ. ಮೈ ಬಿಸಿಯೇರಿ ಬೆವರುವುದು, ಸುಸ್ತು, ನಿದ್ದೆ ಇಲ್ಲದಿರುವುದು, ಯಾವುದರಲ್ಲೂ ಆಸೆ ಇಲ್ಲದಿರುವುದು ಅದರಿಂದಲೇ ಆಗಬಹುದು. ಕಣ್ಣಿಗೆ ಕಾಣದ ಇನ್ನೊಂದು ಕೆಲಸವೂ ಒಳಗೆ ನಡೆಯುತ್ತಿರುತ್ತದೆ, ಮೂಳೆ ಸವೆಯುವುದು. ನಿರ್ವಾಣ ಆದ ಮೇಲೆ "ಇನ್ನೇನು ಮಾತ್ರೆ ಬೇಡ" ಅಂತ ಬಿಟ್ಟವರು ನಮ್ಮಲ್ಲಿ ಬಹಳ ಜನ. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.

ಹಿಂದೆ ರಕ್ತ ಹೆಪ್ಪುಗಟ್ಟಿತ್ತಾ, ಬೀಡಿ ಸಿಗರೇಟು ಇದೆಯಾ, ಬಿ.ಪಿ., ಶುಗರ್, ಲಿವರ್ ತೊಂದರೆ ಇದೆಯಾ, ಕಣ್ಣ ಮುಂದೆ ಮಿಂಚು ಬಂದ ಹಾಗಾಗಿ ಆಮೇಲೆ ತಲೆ ಸಿಡಿಯುವ ಮೈಗ್ರೇನ್ ಇದೆಯಾ, ವಯಸ್ಸು ನಲವತ್ತು ದಾಟಿದೆಯಾ. ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಹಾರ್ಮೋನು ಆಗಲ್ಲ ಅಂತಲ್ಲ, ಯಾವ ರೂಪದಲ್ಲಿ ಅನ್ನುವುದು ಬದಲಾಗುತ್ತದೆ.

ಹಾರ್ಮೋನಿನ ಕಡೆ ಹೋಗುವ ಮುಂಚೆಯೇ ಥೈರಾಯ್ಡ್, ಬಿ12, ವಿಟಮಿನ್ ಡಿ, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಥೈರಾಯ್ಡ್ ಕಡಿಮೆ ಇದ್ದರೂ ಮನಸ್ಸು ಹೀಗೇ ಮಂಕಾಗುತ್ತದೆ. ಅದಕ್ಕೆ ಔಷಧಿ ಸುಲಭ.

ಇನ್ನೊಂದು, ಮಗು. ಮುಂದೆ ನಿಮ್ಮದೇ ಮಗು ಬೇಕು ಅನ್ನುವ ಆಸೆ ಚೂರಾದರೂ ಇದ್ದರೆ ಅದರ ಮಾತು ಶುರು ಮಾಡುವ ಮುಂಚೆಯೇ ಆಗಬೇಕು. ಅಡಿಕೆಯ ಕೊಳೆರೋಗಕ್ಕೆ ಔಷಧಿಯನ್ನು ಮಳೆಗೆ ಮುಂಚೆ ಹೊಡೆಯುವ ಹಾಗೆ. ಹಾರ್ಮೋನು ವೀರ್ಯವನ್ನು ಕಡಿಮೆ ಮಾಡುತ್ತದೆ, ಬಿಟ್ಟ ಮೇಲೆ ಕೆಲವರಿಗೆ ತಿಂಗಳುಗಳಲ್ಲಿ ವಾಪಸ್ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಈಗ ಬಿಟ್ಟಿರುವ ಕಾಲವೇ ಪರೀಕ್ಷೆ ಮಾಡಿಸಿ ವೀರ್ಯ ಶೇಖರಿಸಿಡಲು ಒಳ್ಳೆಯ ಸಮಯ.

ಕೊನೆಗೆ ದುಡ್ಡು, ಓಡಾಟ, ಮನೆ. ಮಾತ್ರೆಯ ದುಡ್ಡಷ್ಟೇ ಅಲ್ಲ ಲೆಕ್ಕ. ರಕ್ತ ಪರೀಕ್ಷೆ ಇದೆ. ಡಾಕ್ಟರ ಹತ್ತಿರ ಹೋಗಿಬರುವ ಒಂದು ದಿನದ ಕೂಲಿ ಇದೆ. ಶಿವಮೊಗ್ಗದಲ್ಲಿ ಈ ಚಿಕಿತ್ಸೆ ಕೊಟ್ಟು ಅನುಭವ ಇರುವ ಹಾರ್ಮೋನು ಡಾಕ್ಟರು ಸಿಗದಿದ್ದರೆ ಬೆಂಗಳೂರಿಗೆ ರೈಲು ಹತ್ತಬೇಕು, ಇಲ್ಲ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು. ಮೊದಲ ಭೇಟಿ ಮುಗಿದ ಮೇಲೆ ನಡುವಿನ ಪರೀಕ್ಷೆಗಳನ್ನು ಇಲ್ಲೇ ಮಾಡಿಸಿ ರಿಪೋರ್ಟ್ ಫೋನಿನಲ್ಲಿ ಕಳಿಸಲು ಒಪ್ಪುವ ಡಾಕ್ಟರು ಇದ್ದಾರೆ, ಮೊದಲ ದಿನವೇ ಕೇಳಿ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಸೆಕ್ಷನ್ ಸರ್ಕಾರ ಹಾರ್ಮೋನು ಚಿಕಿತ್ಸೆಯನ್ನೂ ಅದಕ್ಕೆ ಮುಂಚಿನ, ಆಮೇಲಿನ ಕೌನ್ಸೆಲಿಂಗನ್ನೂ ಒದಗಿಸಬೇಕು ಅನ್ನುತ್ತದೆ. ಹಾಗಾಗಿ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಕೇಳುವಾಗ ಭಿಕ್ಷೆ ಕೇಳಿದ ಹಾಗೆ ತಲೆ ತಗ್ಗಿಸಬೇಡಿ.

ಈಗಲೇ ಶುರು ಮಾಡದೆ, ಮನಸ್ಸಿಗೆ ಚಿಕಿತ್ಸೆ

ಮನಸ್ಸಿನ ಡಾಕ್ಟರ ಹತ್ತಿರ ಹೋಗುವುದು, ಮಾತಾಡುವುದು, ಬೇಕಾದರೆ ಖಿನ್ನತೆಗೆ ಮಾತ್ರೆ ತಗೊಳ್ಳುವುದು. ಶಿವಮೊಗ್ಗದವರಿಗೆ ಇದು ಹೊಸದಲ್ಲ. ಮನಸ್ಸಿನ ಡಾಕ್ಟರಾಗಿದ್ದ ಡಾ. ಕೆ.ಎ. ಅಶೋಕ್ ಪೈ ಅವರು ಇಲ್ಲೇ ಇದ್ದುಕೊಂಡು ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಬರೆದೂ ಬರೆದೂ ಆ ಭಯವನ್ನು ಎಷ್ಟೋ ಮನೆಗಳಿಂದ ಓಡಿಸಿದರು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ದಿನ ತಜ್ಞರು ಸಿಗುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.

ಈ ದಾರಿಯ ಲಾಭ ಅಂದರೆ ಖರ್ಚು ಕಡಿಮೆ, ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಆಮೇಲೆ ಹಾರ್ಮೋನು ಬೇಕು ಅನ್ನಿಸಿದರೆ ಆ ಬಾಗಿಲು ಮುಚ್ಚುವುದಿಲ್ಲ. ಬೇಕೋ ಬೇಡವೋ ಅನ್ನುವ ಗೊಂದಲ ನಿಜವಾಗಿಯೂ ಇದ್ದವರಿಗೆ ಇದು ಒಳ್ಳೆಯದು. ಆದರೆ ಬೀಜ ಇದ್ದು, ಗಡ್ಡ ದಪ್ಪವಾಗುವುದು, ಮುಂದಲೆಯ ಕೂದಲು ಉದುರುವುದೇ ನಿಮ್ಮ ನೋವಾಗಿದ್ದರೆ ಕಾಯುವ ಪ್ರತಿ ತಿಂಗಳೂ ಅದು ಹೆಚ್ಚುತ್ತದೆ. ಖಿನ್ನತೆಯ ಮಾತ್ರೆ ಅದನ್ನು ತಡೆಯುವುದಿಲ್ಲ. ನಿರ್ವಾಣ ಆದವರಿಗೆ ಈ ದಾರಿ ಒಂದೇ ಸಾಲದು, ಮೂಳೆಯ ಕಾರಣಕ್ಕೆ ಹಾರ್ಮೋನು ಡಾಕ್ಟರನ್ನೂ ನೋಡಲೇಬೇಕು.

ನಿಮ್ಮನ್ನು "ಸರಿ ಮಾಡ್ತೀನಿ, ಗಂಡಸು ಮಾಡ್ತೀನಿ" ಅನ್ನುವ ಡಾಕ್ಟರು ಸಿಕ್ಕಿದರೆ ಎದ್ದು ಬನ್ನಿ. ಹಾಗೆ ಬದಲಾಯಿಸಲು ಹೋಗುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಮಾತ್ರೆ

ಹೆಚ್ಚಿನವರು ಮೊದಲು ತಗೊಂಡಿದ್ದು ಇದನ್ನೇ, ಎಸ್ಟ್ರಡಯೋಲ್ (ಈಸ್ಟ್ರೋಜನ್ನಿನ ಒಂದು ರೂಪ) ಮಾತ್ರೆ. ಎಲ್ಲಕ್ಕಿಂತ ಅಗ್ಗ, ಶಿವಮೊಗ್ಗದ ದೊಡ್ಡ ಮೆಡಿಕಲ್‌ಗಳಲ್ಲಿ ಸಿಗುತ್ತದೆ, ಬಚ್ಚಿಡುವುದೂ ಸುಲಭ. ನುಂಗಿದ್ದು ಲಿವರ್ ದಾಟಿ ಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಚರ್ಮಕ್ಕೆ ಹಚ್ಚುವುದಕ್ಕಿಂತ ಜಾಸ್ತಿ. ಚಿಕ್ಕ ವಯಸ್ಸು, ಸಿಗರೇಟಿಲ್ಲ, ಬೇರೆ ಕಾಯಿಲೆ ಇಲ್ಲ ಅಂದರೆ ಇದು ತಕ್ಕ ಆಯ್ಕೆ. ಬಿಟ್ಟು ಬಹಳ ದಿನ ಆಗಿದ್ದರೆ ಹಳೆಯ ಡೋಸ್‌ಗೆ ಒಮ್ಮೆಲೇ ಹಾರಬಾರದು, ಡಾಕ್ಟರು ಸಾಮಾನ್ಯವಾಗಿ ಕಡಿಮೆಯಿಂದ ಶುರು ಮಾಡಿ ಏರಿಸುತ್ತಾರೆ.

ಬೀಜ ಇದ್ದವರಿಗೆ ಜೊತೆಗೆ ಟೆಸ್ಟೋಸ್ಟೆರಾನ್ ತಡೆಯುವ ಮಾತ್ರೆಯನ್ನೂ ಕೊಡುತ್ತಾರೆ. ಮನಸ್ಸಿನ ನೆಮ್ಮದಿಗಾಗಿ ಶುರು ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸೈಪ್ರೊಟೆರೋನ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕೆಲವರಿಗೆ ಅದರಿಂದಲೇ ಮನಸ್ಸು ಕುಸಿಯುತ್ತದೆ. ಹೆಚ್ಚು ಡೋಸ್, ಹೆಚ್ಚು ವರ್ಷ ತಗೊಂಡರೆ ಮೆದುಳಿನ ಪೊರೆಯಲ್ಲಿ ಗಡ್ಡೆಯಾಗುವ ಅಪಾಯವೂ ಏರುತ್ತದೆ. ಹಿಂದೆ "ಹಾರ್ಮೋನಿನಿಂದ ಅಳು ಜಾಸ್ತಿ ಆಯ್ತು" ಅಂತ ಬಿಟ್ಟಿದ್ದರೆ ಹಳೆಯ ಚೀಟಿ ತೆಗೆದು ಈ ಹೆಸರು ಇದೆಯಾ ನೋಡಿ. ಇದ್ದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಇಲ್ಲವೇ ಕಡಿಮೆ ಡೋಸ್ ಕೇಳಿ. ಈಸ್ಟ್ರೋಜನ್ನೇ ನಿಮಗೆ ಆಗುವುದಿಲ್ಲ ಅಂತ ಅಷ್ಟಕ್ಕೇ ತೀರ್ಮಾನಿಸಬೇಡಿ.

ಇನ್ನೊಂದು ಸ್ಪೈರೊನೊಲ್ಯಾಕ್ಟೋನ್. ಮೂಲತಃ ಬಿ.ಪಿ., ಹೃದಯಕ್ಕೆ ಕೊಡುವ ಮಾತ್ರೆ. ಮೂತ್ರ ಜಾಸ್ತಿ ಹೋಗುತ್ತದೆ, ಎದ್ದು ನಿಂತರೆ ತಲೆ ತಿರುಗಬಹುದು. ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸು ಹತ್ತಿ ಹೋಗುವವರಿಗೆ ಇದು ಚಿಕ್ಕ ತೊಂದರೆಯಲ್ಲ. ನಡುವೆ ಇಳಿಯಲು ಜಾಗವಿಲ್ಲ, ಇಳಿದರೂ ಯಾವ ಶೌಚಾಲಯಕ್ಕೆ ಹೋಗುವುದು ಅನ್ನುವ ಭಯ ಬೇರೆ. ಅಂಥ ದಿನ ಯಾವ ಹೊತ್ತಿಗೆ ತಗೊಳ್ಳಬೇಕು ಅಂತ ಡಾಕ್ಟರನ್ನೇ ಕೇಳಿ. ಈ ಮಾತ್ರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿಸುತ್ತದೆ. ಎಳನೀರಿನಲ್ಲಿ ಪೊಟ್ಯಾಶಿಯಂ ತುಂಬ ಇದೆ, ಆದ್ದರಿಂದ ತೋಟದಲ್ಲಿ ಸಿಗುತ್ತದೆ ಅಂತ ದಿನಾ ಎರಡು ಮೂರು ಕುಡಿಯುವ ರೂಢಿ ಇದ್ದರೆ ಹೇಳಿಬಿಡಿ. ಕಿಡ್ನಿ ತೊಂದರೆ ಇದ್ದವರು ಇದನ್ನು ತಾವಾಗಿಯೇ ಮುಟ್ಟಲೇಬಾರದು.

ಜೆಲ್, ಪ್ಯಾಚ್

ಚರ್ಮಕ್ಕೆ ಹಚ್ಚುವುದು ಇಲ್ಲವೇ ಅಂಟಿಸುವುದು. ಲಿವರ್ ಮೇಲೆ ಭಾರ ಕಡಿಮೆ, ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ವಯಸ್ಸಾದವರಿಗೆ, ಸಿಗರೇಟು ಬಿಡಲು ಒದ್ದಾಡುತ್ತಿರುವವರಿಗೆ, ಮೈಗ್ರೇನ್ ಇರುವವರಿಗೆ, ಬಿ.ಪಿ. ಇರುವವರಿಗೆ ನಾನಾದರೆ ಮೊದಲು ಇದನ್ನೇ ಕೇಳಿ ಅನ್ನುತ್ತೇನೆ. ಪ್ರತಿ ದಿನ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಇರುವುದರಿಂದ ಮನಸ್ಸಿನ ಏರಿಳಿತ ಕಡಿಮೆ ಅನ್ನಿಸಿದವರೂ ಇದ್ದಾರೆ.

ದುಡ್ಡು ಮಾತ್ರೆಗಿಂತ ಜಾಸ್ತಿ. ಹಳ್ಳಿಯ ಮೆಡಿಕಲ್‌ನಲ್ಲಿ ಸಿಗುವುದಿಲ್ಲ, ತರಿಸಿಕೊಳ್ಳಬೇಕು. ಪ್ಯಾಚ್ ಸಿಗುವುದಂತೂ ಇನ್ನೂ ಕಷ್ಟ, ಬೆವರಿನಲ್ಲಿ ತೋಟದ ಕೆಲಸ ಮಾಡುವವರ ಮೈಮೇಲೆ ನಿಲ್ಲುವುದೂ ಇಲ್ಲ. ಜೆಲ್ ಹಚ್ಚಿ ಒಣಗುವವರೆಗೆ ಬಟ್ಟೆ ಹಾಕಬಾರದು. ಆಷಾಢದ ತೇವದಲ್ಲಿ, ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುವ ಮನೆಯಲ್ಲಿ, ತೋಳು ಬಿಟ್ಟುಕೊಂಡು ಒಂಟಿಯಾಗಿ ನಿಲ್ಲುವ ಆ ಕೆಲವು ನಿಮಿಷ ಎಲ್ಲಿ ಸಿಗುತ್ತದೆ? ಬಚ್ಚಲಮನೆಯೇ ಗತಿ. ಹಚ್ಚಿದ ಜಾಗ ಮಕ್ಕಳ ಮೈಗೆ ತಾಗಬಾರದು. ಅಕ್ಕನ ಮಗುವನ್ನು ಎತ್ತಿಕೊಳ್ಳುವವರು ತೊಡೆಗೆ ಹಚ್ಚುವುದು ಒಳ್ಳೆಯದು, ಕೈಯನ್ನು ಸೋಪು ಹಾಕಿ ತೊಳೆಯಬೇಕು.

ಇಂಜೆಕ್ಷನ್

ದಿನಾ ನೆನಪಿಡುವ ತಲೆನೋವಿಲ್ಲ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ. ಆದರೆ ಚುಚ್ಚಿದ ಮೊದಲ ದಿನಗಳಲ್ಲಿ ಮಟ್ಟ ಮೇಲೇರಿ, ಮುಂದಿನದ್ದು ಬರುವ ಹೊತ್ತಿಗೆ ಇಳಿಯುತ್ತದೆ. ಇಳಿದ ದಿನಗಳಲ್ಲಿ ಸಿಡುಕು, ಅಳು ಬರುವವರಿದ್ದಾರೆ. ಮನಸ್ಸಿಗಾಗಿಯೇ ಶುರು ಮಾಡುವವರಿಗೆ ನನ್ನ ಪ್ರಕಾರ ಇದು ಮೊದಲ ಆಯ್ಕೆಯಲ್ಲ. ಊರಲ್ಲಿ ಚುಚ್ಚುವವರು ಯಾರು ಅನ್ನುವುದೂ ಪ್ರಶ್ನೆ. ಪಕ್ಕದ ಆಸ್ಪತ್ರೆಯ ಸಿಸ್ಟರ್‌ಗೆ ಗೊತ್ತಾದರೆ ಸಂಜೆಯೊಳಗೆ ಊರಿಗೇ ಗೊತ್ತು.

ಕಡಿಮೆ ಡೋಸ್

ಮೈಯಲ್ಲಿ ಬದಲಾವಣೆ ಕಾಣಬಾರದು, ಮನಸ್ಸಿಗೆ ಮಾತ್ರ ಸಮಾಧಾನ ಬೇಕು ಅಂತ ಇದನ್ನು ಕೇಳುವವರು ಈಚೆಗೆ ಜಾಸ್ತಿ. ಕೆಲವರಿಗೆ ಕಡಿಮೆಯಲ್ಲೇ ಹಗುರ ಅನ್ನಿಸುತ್ತದೆ, ಅದು ನಿಜ. ಆದರೆ ಕಡಿಮೆ ಅಂದರೆ ಎದೆ ಬೆಳೆಯುವುದೇ ಇಲ್ಲ ಅಂತ ಯಾರೂ ಮಾತು ಕೊಡಲಾರರು. ಬೆಳೆದದ್ದು ಮಾತ್ರೆ ಬಿಟ್ಟರೂ ಪೂರ್ತಿ ಹೋಗುವುದಿಲ್ಲ. ಬೀಜ ಇದ್ದರೆ ಕಡಿಮೆ ಡೋಸ್ ಒಂದೇ ಟೆಸ್ಟೋಸ್ಟೆರಾನನ್ನು ತಗ್ಗಿಸದೇ ಇರಬಹುದು. ನಿರ್ವಾಣ ಆಗಿದ್ದರೆ ತೀರಾ ಕಡಿಮೆ ಡೋಸ್ ಮೂಳೆಗೆ ಸಾಲದು. ಭಯದಿಂದ ನಿಧಾನ ಹೋಗಬೇಕು ಅನ್ನುವವರಿಗೆ ಇದು ಒಳ್ಳೆಯ ಮೊದಲ ಹೆಜ್ಜೆ. ಮನೆಯವರಿಂದ ವರ್ಷಗಟ್ಟಲೆ ಮುಚ್ಚಿಡುವ ಉಪಾಯ ಅಂತ ಇದನ್ನು ನಂಬಬೇಡಿ.

ಸ್ವಂತವಾಗಿ ಮೆಡಿಕಲ್‌ನಿಂದ ತರುವುದು

ಬೇಡ. ಅದರಲ್ಲೂ ಮಾಲಾ-ಡಿ ತರಹದ ಗರ್ಭನಿರೋಧಕ ಮಾತ್ರೆ ಬೇಡವೇ ಬೇಡ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಯಾರೂ ಪ್ರಶ್ನೆ ಕೇಳುವುದಿಲ್ಲ ಅಂತ ನಮ್ಮಲ್ಲಿ ಎಷ್ಟೋ ಜನ ದಿನಕ್ಕೆ ನಾಲ್ಕೈದು ನುಂಗುತ್ತಾರೆ. ಅದರಲ್ಲಿರುವುದು ಎಥಿನೈಲ್ ಎಸ್ಟ್ರಡಯೋಲ್, ರಕ್ತ ಹೆಪ್ಪುಗಟ್ಟಿಸುವುದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಡಾಕ್ಟರ ಹತ್ತಿರ ಹೋಗಲು ಯಾಕೆ ಹೆದರುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಒಂದು ಕ್ಲಿನಿಕ್ಕಿನಲ್ಲಿ ನನ್ನ ಹೆಸರನ್ನು ಬೇಕಂತಲೇ ಗಂಡು ಹೆಸರಿನಲ್ಲಿ ಜೋರಾಗಿ ಕೂಗಿದ್ದಾರೆ. ಆದರೂ ಹೇಳುತ್ತೇನೆ, ಒಬ್ಬ ಡಾಕ್ಟರು ಸರಿ ಇಲ್ಲದಿದ್ದರೆ ಇನ್ನೊಬ್ಬರನ್ನು ಹುಡುಕೋಣ. ಜೊತೆಗೆ ಬರುವವರು ನಮ್ಮಲ್ಲೇ ಸಿಗುತ್ತಾರೆ.

ಯಾವ ದಾರಿಯಲ್ಲಿದ್ದರೂ ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು, ಕಣ್ಣು ಮಂಜಾಗುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹಾರ್ಮೋನು ತಗೊಳ್ಳುತ್ತಿರುವುದನ್ನು ಮುಚ್ಚಿಡದೆ ಹೇಳಿ.

ಹಾಗಾದರೆ ಯಾರಿಗೆ ಯಾವುದು?

ನಿರ್ವಾಣ ಆಗಿ, ಹಾರ್ಮೋನು ಬಿಟ್ಟು, ಈಗ ಸುಸ್ತು, ಮಂಕು ಇರುವವಳಿಗೆ ನಾನು ಅನುಮಾನವೇ ಇಲ್ಲದೆ ಹೇಳುವುದು, ಡಾಕ್ಟರನ್ನು ನೋಡಿ ಶುರು ಮಾಡು ಅಂತ. ಟೆಸ್ಟೋಸ್ಟೆರಾನ್ ತಡೆಯುವ ಮಾತ್ರೆ ನಿನಗೆ ಬೇಕಾಗುವುದಿಲ್ಲ, ಆದ್ದರಿಂದ ಖರ್ಚೂ ಕಡಿಮೆ.

ದುಡ್ಡಿಗಾಗಿ ಬಿಟ್ಟು, ನೋಟ್‌ಬುಕ್ಕಿನ ತುಂಬ ಗಡ್ಡ, ಕನ್ನಡಿ ಅಂತಲೇ ಬಂದವಳಿಗೆ ಮಾತ್ರೆಯ ದಾರಿಯೇ ಸಾಕು. ಪರೀಕ್ಷೆಯ ದುಡ್ಡನ್ನು ಮಾತ್ರೆಯ ದುಡ್ಡಿನ ಜೊತೆಗೇ ಎತ್ತಿಡಬೇಕು. ಅದಕ್ಕೆ ಆಗದಿದ್ದರೆ ಎರಡು ತಿಂಗಳು ತಡವಾಗಿ ಶುರು ಮಾಡಿ, ಶುರು ಮಾಡಿ ನಡುವೆ ನಿಲ್ಲಿಸಬೇಡಿ. ತಗೊಳ್ಳುವುದು ಬಿಡುವುದು ಅಂತ ಆಡಿದರೆ ಮನಸ್ಸು ಇನ್ನೂ ಹಣ್ಣಾಗುತ್ತದೆ.

ರಕ್ತ ಹೆಪ್ಪುಗಟ್ಟಿ ಬಿಟ್ಟವಳಿಗೆ ಶಿವಮೊಗ್ಗದ ಸಾಮಾನ್ಯ ಡಾಕ್ಟರು ಒಬ್ಬರೇ ಸಾಲದು. ದೊಡ್ಡ ಆಸ್ಪತ್ರೆಯಲ್ಲಿ ಹಾರ್ಮೋನು ಡಾಕ್ಟರು, ರಕ್ತದ ಡಾಕ್ಟರು ಇಬ್ಬರೂ ನೋಡಿ ಹೇಳಬೇಕು. ಓಡಾಟದ ದುಡ್ಡು ಹೋಗಲಿ, ಇಲ್ಲಿ ಉಳಿಸಬೇಡಿ.

ಮನೆಯವರ ಒತ್ತಾಯಕ್ಕೆ ಬಿಟ್ಟವರ ವಿಷಯವೇ ಎಲ್ಲಕ್ಕಿಂತ ಕಷ್ಟ. ಹಾರ್ಮೋನು ಶುರು ಮಾಡಿದರೆ ದೇಹದ ನೋವು ಇಳಿಯುತ್ತದೆ, ಮನೆಯ ಜಗಳ ಏರುತ್ತದೆ. ಮನೆ ಬಿಟ್ಟು ಹೋಗುವ ಪರಿಸ್ಥಿತಿ ಬಂದರೆ ಇರಲು ಒಂದು ಜಾಗ, ಕೈಯಲ್ಲಿ ಒಂದು ಕೆಲಸ ಇದೆಯಾ ಅಂತ ಮೊದಲು ನೋಡಿ. ಅಡಿಕೆ ಸುಲಿಯುವ ಕಾಲದಲ್ಲಿ ಕೂಲಿ ಸಿಗುತ್ತದೆ, ಆಮೇಲೆ? ಆ ಏರ್ಪಾಡು ಆಗುವವರೆಗೆ ಮನಸ್ಸಿನ ಡಾಕ್ಟರ ಜೊತೆ ಇದ್ದು, ಆಮೇಲೆ ಶುರು ಮಾಡುವುದು ಹಿಂಜರಿದ ಹಾಗಲ್ಲ. ಆದರೆ ಕಾಯುವುದೇ ತಡೆಯಲಾಗದಷ್ಟು ನೋವಾಗಿದ್ದರೆ ಡಾಕ್ಟರಿಗೆ ಅದನ್ನೇ ಹೇಳಿ, ಕಡಿಮೆಯಿಂದ ಶುರು ಮಾಡಿ.

ಬೇಕೋ ಬೇಡವೋ ಗೊತ್ತಿಲ್ಲ ಅನ್ನುವವರು ಯಾರ ಮಾತಿಗೂ ಆತುರ ಪಡಬೇಡಿ. ಗುರುವಿನ ಮಾತಿಗೂ, ಗೆಳತಿಯರ ಮಾತಿಗೂ, ನನ್ನ ಮಾತಿಗೂ. ಹಾರ್ಮೋನು ತಗೊಳ್ಳದೆಯೂ ನೀವು ಹೆಣ್ಣೇ. ಜೋಗಪ್ಪಂದಿರ ಪರಂಪರೆ ಈ ಮಾತ್ರೆಗಳಿಗಿಂತ ಎಷ್ಟೋ ಹಳೆಯದು.

ಶುರು ಮಾಡಿದ ಮೇಲೆ

ಹಾರ್ಮೋನು ತಗೊಂಡವರಲ್ಲಿ ಖಿನ್ನತೆ ಕಡಿಮೆಯಾಗಿ ಬದುಕು ಸುಧಾರಿಸುವುದನ್ನು ಹಲವು ಅಧ್ಯಯನಗಳು ಕಂಡಿವೆ. ಅವುಗಳನ್ನು ಒಟ್ಟಿಗೆ ತೂಗಿ ನೋಡಿದ 2021ರ ಒಂದು ವಿಮರ್ಶೆಯೂ ಅದನ್ನೇ ಹೇಳಿ, ಸಾಕ್ಷ್ಯ ಇನ್ನೂ ಗಟ್ಟಿಯಾಗಬೇಕು ಅಂತಲೂ ಸೇರಿಸಿದೆ. ಹಾಗಾಗಿ ಆಸೆ ಇಟ್ಟುಕೊಳ್ಳಿ, ವಾರದಲ್ಲಿ ಪವಾಡ ಆಗಲಿ ಅಂತ ಕಾಯಬೇಡಿ. ಮೊದಲ ವಾರಗಳಲ್ಲಿ ಮನಸ್ಸು ಹೊಯ್ದಾಡಬಹುದು. ಚರ್ಮ ಮೃದುವಾಗಲು ಮೂರರಿಂದ ಆರು ತಿಂಗಳು ಬೇಕು. ಮನಸ್ಸಿನ ಮಾತ್ರೆ ತಗೊಳ್ಳುತ್ತಿದ್ದರೆ ಹಾರ್ಮೋನು ಶುರುವಾಯಿತು ಅಂತ ಅದನ್ನು ಬಿಡಬೇಡಿ. ಲಿಥಿಯಂ, ಕಾರ್ಬಮಜೆಪಿನ್, ಟಿ.ಬಿ.ಯ ರಿಫಾಂಪಿಸಿನ್, ಥೈರಾಯ್ಡ್ ಮಾತ್ರೆ ಇವುಗಳಲ್ಲಿ ಯಾವುದಾದರೂ ಇದ್ದರೆ ಹಾರ್ಮೋನು ಡಾಕ್ಟರಿಗೆ ಹೇಳಲೇಬೇಕು, ಒಂದರ ಮಟ್ಟವನ್ನು ಇನ್ನೊಂದು ಬದಲಿಸಬಹುದು.

ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಆಮೇಲೆ ವರ್ಷಕ್ಕೆ ಒಂದೋ ಎರಡೋ. ಡಾಕ್ಟರು ಹೆಚ್ಚಾಗಿ ಅನುಸರಿಸುವ ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿಯಲ್ಲಿ ಎಸ್ಟ್ರಡಯೋಲ್ ಮಿಲಿಲೀಟರಿಗೆ 100ರಿಂದ 200 ಪಿಕೋಗ್ರಾಂ, ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 50 ನ್ಯಾನೋಗ್ರಾಂಗಿಂತ ಕಡಿಮೆ ಅಂತ ಇದೆ. ಲ್ಯಾಬಿನ ರಿಪೋರ್ಟಿನಲ್ಲಿ ಗಂಡಸರ ಲೆಕ್ಕ ಅಚ್ಚಾಗಿದ್ದರೆ ಎಲ್ಲದರ ಮುಂದೆಯೂ ಕೆಂಪು ಗುರುತು ಇರುತ್ತದೆ, ಗಾಬರಿಯಾಗಬೇಡಿ. 200 ದಾಟಿದರೆ ಇನ್ನೂ ಬೇಗ ಹೆಣ್ಣಾಗುತ್ತೀನಿ ಅಂತಲ್ಲ, ಅಪಾಯ ಮಾತ್ರ ಏರುತ್ತದೆ.

ಜೆಲ್ ಹಚ್ಚುವವರು ರಕ್ತ ಕೊಡುವ ತೋಳಿಗೆ ಹಚ್ಚಬೇಡಿ, ಅಲ್ಲಿ ಉಳಿದ ಜೆಲ್ ಸೇರಿಕೊಂಡು ಲೆಕ್ಕ ಸುಳ್ಳು ಬರುತ್ತದೆ. ಮಾತ್ರೆ ನುಂಗಿದ, ಇಂಜೆಕ್ಷನ್ ಚುಚ್ಚಿಸಿದ ದಿನ ಮತ್ತು ಹೊತ್ತನ್ನು ರಿಪೋರ್ಟಿನ ಮೇಲೆಯೇ ಬರೆದಿಡಿ. ಡಾಕ್ಟರ ಹತ್ತಿರ ಹೋಗುವಾಗ ಆ ಎರಡು ವಾರದ ನೋಟ್‌ಬುಕ್ಕನ್ನೂ ಹಳೆಯ ಚೀಟಿಗಳನ್ನೂ ಒಂದೇ ಕವರಿನಲ್ಲಿ ಹಾಕಿಕೊಂಡು ಹೋಗಿ. ಮೂರು ತಿಂಗಳಾದ ಮೇಲೆ ಮತ್ತೆ ಎರಡು ವಾರ ಬರೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗಡ್ಡ, ಸ್ನಾನದ ಸಾಲುಗಳು ಕಡಿಮೆಯಾಗಿವೆಯಾ, ಹಾಗೇ ಇವೆಯಾ ಅನ್ನುವುದರ ಮೇಲೆ ಮುಂದುವರಿಸುವುದೋ, ರೂಪ ಬದಲಿಸುವುದೋ, ನಿಲ್ಲಿಸುವುದೋ ಅಂತ ಡಾಕ್ಟರ ಜೊತೆ ಕೂತು ಮಾತಾಡಿ.